ನಲವತ್ತರ ಮೇಲೆ ಕಣ್ಣು ಹೋದರೆ



ಕಣ್ಣಿಲ್ಲದವರ ಮಾತು ಬಂದರೆ ನಮ್ಮ ಕಡೆ ಮೊದಲು ನೆನಪಾಗುವ ಊರು ಗದಗ. ಪಂಚಾಕ್ಷರಿ ಗವಾಯಿಗಳು, ಅವರ ಶಿಷ್ಯ ಪುಟ್ಟರಾಜ ಗವಾಯಿಗಳು ಇಬ್ಬರೂ ಅಂಧರು. ವೀರೇಶ್ವರ ಪುಣ್ಯಾಶ್ರಮದಲ್ಲಿ ಅನ್ನವನ್ನೂ ಅಕ್ಷರವನ್ನೂ ಸ್ವರವನ್ನೂ ಹಂಚಿದವರು. ರಾಯಚೂರಿನ ರಂಗಮಂದಿರಕ್ಕೆ ಹೆಸರಾದ ಪಂಡಿತ ಸಿದ್ಧರಾಮ ಜಂಬಲದಿನ್ನಿಯವರು ಕಲಿತದ್ದೂ ಪಂಚಾಕ್ಷರಿ ಗವಾಯಿಗಳಲ್ಲೇ. ಈ ಹೆಮ್ಮೆ ನನಗೂ ಇದೆ. ಆದರೆ ಪುಣ್ಯಾಶ್ರಮ ಎಳೆಯರನ್ನು ಕರೆದುಕೊಂಡು ಬೆಳೆಸಿದ ಜಾಗ. ನಲವತ್ತೈದರಲ್ಲಿ ಕಣ್ಣು ಕಳೆದುಕೊಂಡ ದೇವದುರ್ಗದ ಕೂಲಿಕಾರ, ಐವತ್ತರಲ್ಲಿ ಕಣ್ಣು ಮಂಜಾದ ಮಾನ್ವಿಯ ತರಕಾರಿ ಮಾರುವ ತಾಯಿ ಎಲ್ಲಿಗೆ ಹೋಗಬೇಕು? ಅವರಿಗೆ ಸಂಸಾರವಿದೆ, ಸಾಲವಿದೆ. ಊರು ಬಿಟ್ಟು ಹಾಸ್ಟೆಲಿನಲ್ಲಿ ಕೂತು ಕಲಿಯುವ ವಯಸ್ಸಲ್ಲ. ಕಲಿಕೆಯೇ ಅವರ ಹೊಸ್ತಿಲಿಗೆ ಬರಬೇಕು. ನಾನು ಇವತ್ತು ಹೇಳಬೇಕೆಂದಿರುವುದು ಇಷ್ಟೇ.

ಈ ವಯಸ್ಸಿನಲ್ಲಿ ಕಣ್ಣು ಹೋಗುವುದೇಕೆ? 2015ರಿಂದ 2019ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, 50 ದಾಟಿದವರ ಕುರುಡುತನದಲ್ಲಿ ಮೂರರಲ್ಲಿ ಎರಡು ಪಾಲು ಕಣ್ಣಿನ ಪೊರೆಯದು. ಅದು ಶಸ್ತ್ರಚಿಕಿತ್ಸೆಯಿಂದ ತಿರುಗಿ ಬರುವ ದೃಷ್ಟಿ. ಗ್ಲಾಕೋಮಾದಿಂದ ಹೋದದ್ದು ಬರುವುದಿಲ್ಲ. ಭತ್ತದ ಗರಿ ತಾಗಿ ಗಾಯವಾದ ಕಣ್ಣಿಗೆ ಸೊಪ್ಪಿನ ರಸ ಹಿಂಡಿ, ಹುಣ್ಣಾದ ಮೇಲೆ ಆಸ್ಪತ್ರೆಗೆ ಬಂದರೆ ಅದೂ ಉಳಿಯುವುದು ಕಷ್ಟ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವ ಮಾನ್ವಿಯವರಿಗೆ ಇದನ್ನು ನಾನು ಬಿಡಿಸಿ ಹೇಳಬೇಕಿಲ್ಲ.

ಪೂರ್ತಿ ಕಾಣದವರಿಗಿಂತ ಅರೆಬರೆ ಕಾಣುವವರ ಪಾಡು ಒಮ್ಮೊಮ್ಮೆ ಹೆಚ್ಚು ಕಠಿಣ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅಂಧತ್ವದ ಜೊತೆಗೆ ಮಂದದೃಷ್ಟಿಯನ್ನೂ ಗುರುತಿಸಿದೆ. ಒಳ್ಳೆಯ ಕಣ್ಣು 60 ಮೀಟರ್ ದೂರದಿಂದ ಕಾಣುವುದನ್ನು 3 ಮೀಟರ್ ಹತ್ತಿರ ಬಂದರೂ ಕಾಣಲಾಗದವರು ಅಂಧರು. ಅದಕ್ಕಿಂತ ತುಸು ಮೇಲಿನವರು ಮಂದದೃಷ್ಟಿಯವರು. ನೋಟದ ಹರವು ಕುಗ್ಗಿದವರಿಗೆ ಎದುರಿನ ಮುಖ ಕಾಣುತ್ತದೆ, ಕಾಲಡಿಯ ಗಟಾರ ಕಾಣುವುದಿಲ್ಲ. ‘ಮಂದಿ ಕಂಡ್ರ ಗುರ್ತ ಹಿಡೀತಾನ, ಚರಂಡ್ಯಾಗ ಬೀಳ್ತಾನ, ನಾಟಕ ಮಾಡ್ತಾನ’ ಎಂದು ಓಣಿಯವರು ಆಡಿಕೊಳ್ಳುತ್ತಾರೆ. ಆ ಮಾತಿಗೆ ಅಂಜಿ ಮನೆಯೊಳಗೇ ಕೂತುಬಿಟ್ಟವರಿದ್ದಾರೆ.

ದುಡ್ಡಿನ ವಿಷಯ ನೋಡಿ. ಈಗಿನ 100ರ ನೋಟಿನ ಉದ್ದ 142 ಮಿಲಿಮೀಟರ್, 200ರದ್ದು 146, 500ರದ್ದು 150. ಒಂದಕ್ಕೂ ಮುಂದಿನದಕ್ಕೂ ನಾಲ್ಕೇ ಮಿಲಿಮೀಟರ್. ಅಗಲ ಮೂರರದ್ದೂ ಒಂದೇ. ಅಂಚಿನಲ್ಲಿ ಉಬ್ಬು ಗೆರೆಗಳಿವೆ, 100ಕ್ಕೆ ನಾಲ್ಕು, 500ಕ್ಕೆ ಐದು. ನೂರು ಕೈ ದಾಟಿ ಸಂತೆಗೆ ಬಂದ ನೋಟಿನಲ್ಲಿ ಆ ಉಬ್ಬು ಸವೆದಿರುತ್ತದೆ. ಹಾಗಾಗಿ ತಿಳಿದವರು ಮಡಿಕೆ ಕಲಿಸುತ್ತಾರೆ: 100 ನೇರಕ್ಕೆ, 200 ಒಂದು ಮಡಿಕೆ, 500 ಎರಡು ಮಡಿಕೆ. ಸಂಚಿಯಲ್ಲಿ ಬೆರಳಾಡಿಸಿ ಲೆಕ್ಕ ಹೇಳುವ ತಾಯಿ ಮತ್ತೆ ತಕ್ಕಡಿ ಹಿಡಿಯಬಲ್ಲಳು. ಕಲಿಸಲು ಒಂದು ಮಧ್ಯಾಹ್ನ ಸಾಕು. ಆ ಮಧ್ಯಾಹ್ನವನ್ನು ಯಾರು ಕೊಡಬೇಕು?

ಕೊಡಬಲ್ಲವರು ನಮ್ಮಲ್ಲೇ ಇದ್ದಾರೆ. ಗ್ರಾಮ ಪಂಚಾಯಿತಿಗೊಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ, ತಾಲ್ಲೂಕಿಗೊಬ್ಬ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತ ಎಂಬ ಒಳ್ಳೆಯ ವ್ಯವಸ್ಥೆ ಕರ್ನಾಟಕದಲ್ಲಿದೆ. ಇವರೂ ಅಂಗವಿಕಲರೇ, ಗೌರವಧನಕ್ಕೆ ದುಡಿಯುವವರು. ಪಿಂಚಣಿ ಅರ್ಜಿ, ಗುರುತಿನ ಚೀಟಿ, ಬಸ್ ಪಾಸು ಎಂದು ಅವರ ದಿನವೆಲ್ಲ ಕಾಗದದಲ್ಲೇ ಮುಗಿಯುತ್ತದೆ. ಕಾಗದ ಬೇಕು, ಸರಿ. ಆದರೆ ಉಚಿತ ಪಾಸು ಜೇಬಿನಲ್ಲಿದ್ದೂ ಮನೆಯಿಂದ ಬಸ್ ನಿಲ್ದಾಣದವರೆಗೆ ಒಬ್ಬನೇ ನಡೆಯಲು ಬಾರದಿದ್ದರೆ ಆ ಪಾಸಿನಿಂದ ಏನು ಬಂತು? ಬಿಳಿಕೋಲನ್ನು ಎದೆಮಟ್ಟಕ್ಕೆ ಆರಿಸುವುದು, ಎಡಗಾಲಿಟ್ಟಾಗ ಬಲಕ್ಕೆ, ಬಲಗಾಲಿಟ್ಟಾಗ ಎಡಕ್ಕೆ ಬೀಸುವುದು, ಕಾಲುವೆಯ ಏರಿಯ ಅಂಚನ್ನು ಕೋಲಿನಿಂದ ಗುರುತಿಸುವುದು, ಇವೆಲ್ಲ ಕಲಿಸಿದರೆ ಬರುವ ವಿದ್ಯೆ. ಮನೆಯವರಿಗೂ ಪಾಠವಿದೆ: ರಟ್ಟೆ ಹಿಡಿದು ಎಳೆಯಬೇಡಿ, ಅವರೇ ನಿಮ್ಮ ಮೊಣಕೈ ಹಿಡಿದು ಅರ್ಧ ಹೆಜ್ಜೆ ಹಿಂದೆ ಬರಲಿ.

ಇನ್ನು ಓದಿನ ಮಾತು. ಬ್ರೈಲ್ ಬಗ್ಗೆ ನನಗೆ ಅಪಾರ ಗೌರವ. ಆದರೂ 2011ರ ಜನಗಣತಿಯಲ್ಲಿ ಸಾಕ್ಷರತೆ ಶೇ 59.56ರಷ್ಟೇ ಇದ್ದ ಜಿಲ್ಲೆ ನಮ್ಮ ರಾಯಚೂರು. ಎಂದೂ ಅಕ್ಷರ ಕಾಣದ ಕೈಗೆ ಐವತ್ತರಲ್ಲಿ ಚುಕ್ಕಿ ಓದಿಸುವುದಕ್ಕಿಂತ ಮಾತಾಡುವ ಫೋನು ಮೊದಲು ಬರಲಿ. ಆಂಡ್ರಾಯ್ಡ್ ಸ್ಮಾರ್ಟ್‌ಫೋನುಗಳಲ್ಲಿ ಸಾಮಾನ್ಯವಾಗಿ ಪರದೆಯ ಮೇಲಿನದನ್ನು ಓದಿ ಹೇಳುವ ಟಾಕ್‌ಬ್ಯಾಕ್ ಇರುತ್ತದೆ, ಕನ್ನಡವನ್ನೂ ಓದುತ್ತದೆ. ಅದನ್ನು ಆನ್ ಮಾಡಿ, ಎರಡು ಸಲ ತಟ್ಟುವುದನ್ನು ತಾಳ್ಮೆಯಿಂದ ಹೇಳಿಕೊಡುವ ಮೊಮ್ಮಗಳು ಬೇಕು.

ಪಂಚಾಯಿತಿಗಳು ತಮ್ಮ ಸ್ವಂತ ಆದಾಯದಲ್ಲಿ ಶೇ 5ರಷ್ಟನ್ನು ಅಂಗವಿಕಲರಿಗಾಗಿ ಎತ್ತಿಡಬೇಕು. ಆ ಹಣದಲ್ಲಿ ಕೋಲು ಕೊಂಡು ಕೊಟ್ಟ ದಿನವೇ ನಡೆಯುವುದನ್ನೂ ಕಲಿಸಿದಿರಾ ಎಂದು ಮುಂದಿನ ಗ್ರಾಮಸಭೆಯಲ್ಲಿ ಎದ್ದು ಕೇಳಿ. ಈ ಉಪನ್ಯಾಸಕ್ಕೆ ದತ್ತಿ ಇಟ್ಟ ಕುಟುಂಬದ ಹಿರಿಯರಲ್ಲಿ ನನ್ನದೂ ಒಂದು ಕೋರಿಕೆ ಇದೆ. ಈ ಮಾತುಗಳು ಪುಸ್ತಿಕೆಯಾಗಿ ಅಚ್ಚಾದರೆ, ಯಾರ ಬಗ್ಗೆ ಆಡಿದೆನೋ ಅವರು ಓದಲಾರರು. ಓದಿ ಧ್ವನಿಮುದ್ರಿಸಿ, ದೇವದುರ್ಗ, ಮಾನ್ವಿಗಳ ಪುನರ್ವಸತಿ ಕಾರ್ಯಕರ್ತರ ಫೋನಿಗೆ ಕಳಿಸಿರಿ. ಓದಲು ನಾನೇ ಬರುತ್ತೇನೆ.