ಬರಿಗಾಲಿನ ನಡಿಗೆ: ಒಲವೋ, ವ್ರತವೋ, ಹೇರಿಕೆಯೋ?

ಪಾದರಕ್ಷೆ ಇಂದು ದುರ್ಲಭ ವಸ್ತುವಲ್ಲ. ಉಡುಪಿಯ ಪೇಟೆಯಲ್ಲಿ ಹವಾಯಿ ಚಪ್ಪಲಿಯಿಂದ ಹಿಡಿದು ಸಾವಿರಾರು ರೂಪಾಯಿಯ ಬೂಟಿನವರೆಗೆ ಎಲ್ಲವೂ ಸಿಗುತ್ತವೆ. ಹೀಗಿದ್ದೂ ಕಾಪುವಿನ ಕಡಲ ತಡಿಯಲ್ಲಿ, ಕಾರ್ಕಳದ ಗದ್ದೆಯ ಬದುಗಳಲ್ಲಿ, ಅಷ್ಟೇ ಏಕೆ, ಮಣಿಪಾಲದ ಬೆಳಗಿನ ವಾಯುವಿಹಾರಿಗಳ ನಡುವೆಯೂ ಬರಿಗಾಲಲ್ಲೇ ನಡೆಯುವವರು ಕಾಣಸಿಗುತ್ತಾರೆ. ಇವರಲ್ಲಿ ಚಪ್ಪಲಿ ಕೊಳ್ಳಲು ಶಕ್ತರಾದವರೇ ಬಹಳ ಮಂದಿ. ಹಾಗಾದರೆ ಕಲ್ಲು ಮುಳ್ಳಿನ ಮೇಲೆ ಬರಿಗಾಲನ್ನು ಊರುವ ಒಲವು ಇವರಿಗೆ ಬಂದದ್ದಾದರೂ ಹೇಗೆ? ಇದು ಹಠವೇ, ಭಕ್ತಿಯೇ, ಆರೋಗ್ಯದ ಚಿಂತೆಯೇ ಅಥವಾ ಬರೀ ರೂಢಿಯೇ?

ಮೊದಲಿಗೆ ನೆಲ ಮತ್ತು ನೀರಿನ ವಿಚಾರ. ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುತ್ತದೆ. ಜೂನ್ ತಿಂಗಳಿನಿಂದ ಸೆಪ್ಟೆಂಬರ್ ತನಕ ಅಂಗಳ ಪಾಚಿಗಟ್ಟಿರುತ್ತದೆ, ಗದ್ದೆ ಕೆಸರಾಗಿರುತ್ತದೆ. ಕೆಸರಿಗೆ ಇಳಿದ ಚಪ್ಪಲಿ ಅಲ್ಲೇ ಹೂತುಹೋಗುತ್ತದೆ. ಪಾಚಿಗಟ್ಟಿದ ಮುರಕಲ್ಲಿನ ಮೇಲೆ ಸವೆದ ರಬ್ಬರಿಗಿಂತ ಕಾಲ್ಬೆರಳಿನ ಹಿಡಿತವೇ ಗಟ್ಟಿ. ನೇಜಿ ನೆಡುವವರು, ತೆಂಗಿನ ಮರ ಏರುವವರು, ಮರಳಿನಲ್ಲಿ ಕಾಲೂರಿ ಕೈರಂಪಣಿ ಬಲೆ ಎಳೆಯುವ ಮೊಗವೀರರು ಇವರೆಲ್ಲರ ಪಾಲಿಗೆ ಪಾದವೂ ಒಂದು ಉಪಕರಣ. ಅದರ ಮೇಲೆ ಹೊದಿಕೆ ಹಾಕಿದರೆ ಕೆಲಸವೇ ಕೆಡುತ್ತದೆ.

ಕಂಬಳದ ಓಟಗಾರನೂ ಬರಿಗಾಲಿನವನೇ. 2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಓಡಿದಾಗ ದೇಶವೆಲ್ಲ ಅವರನ್ನು ಉಸೇನ್ ಬೋಲ್ಟ್‌ಗೆ ಹೋಲಿಸಿತು. ಕೋಣಗಳ ಎಳೆತವೂ ಸೇರಿದ ಓಟವನ್ನು ಹಾಗೆ ಹೋಲಿಸುವುದು ಸರಿಯಲ್ಲ. ಆದರೆ ಕೆಸರಿನಲ್ಲಿ ಅಷ್ಟು ವೇಗದಲ್ಲಿ ಕಾಲು ಜಾರದಂತೆ ಹಿಡಿದದ್ದು ಬರಿಯ ಪಾದ ಎಂಬುದಂತೂ ನಿಜ.

ಎರಡನೆಯದು ಮಡಿ ಮತ್ತು ಗೌರವದ ವಿಚಾರ. ಇಲ್ಲಿ ನೆರೆದಿರುವವರೂ ತಮ್ಮ ತಮ್ಮ ಮನೆಯಲ್ಲಿ ಚಪ್ಪಲಿಯನ್ನು ಜಗಲಿಯ ಕೆಳಗೆ ಬಿಟ್ಟೇ ಒಳಹೋಗುವವರು. ಹೊರಗಿನಿಂದ ಬಂದವರಿಗೆ ಮೊದಲು ಕಾಲು ತೊಳೆಯಲು ನೀರು, ಆಮೇಲೆ ಕುಡಿಯಲು ಬೆಲ್ಲ ನೀರು ಎಂಬುದು ಈ ಸೀಮೆಯ ಹಳೆಯ ಉಪಚಾರ. ದೇವಸ್ಥಾನ, ಬಸದಿ, ಮಸೀದಿ, ದೈವದ ಚಾವಡಿ, ನಾಗಬನ ಎಲ್ಲಿಗೆ ಹೋದರೂ ಚಪ್ಪಲಿ ಹೊರಗೆ. ಕೋಲದಲ್ಲಿ ದೈವ ಕಟ್ಟಿದವರ ಕಾಲಿನಲ್ಲಿ ಗಗ್ಗರ ಇರುತ್ತದೆಯೇ ಹೊರತು ಚಪ್ಪಲಿ ಇರುವುದಿಲ್ಲ. ಉಡುಪಿಯ ಅಷ್ಟಮಠಗಳ ಯತಿಗಳು ಮೆಟ್ಟುವುದು ಚರ್ಮದ ಚಪ್ಪಲಿಯನ್ನಲ್ಲ, ಮರದ ಹಾವುಗೆಯನ್ನು.

ಕಾರ್ಕಳದಲ್ಲಿ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. 1432ರಲ್ಲಿ ವೀರಪಾಂಡ್ಯ ಭೈರರಸನು ನಿಲ್ಲಿಸಿದ 42 ಅಡಿಯ ಗೊಮ್ಮಟನ ದರ್ಶನಕ್ಕೆ ಬಂದವರು ಪಾದರಕ್ಷೆ ಕಳಚಬೇಕು. ಬೇಸಗೆಯ ಮಧ್ಯಾಹ್ನ ಅಲ್ಲಿಯ ಬಂಡೆ ಕಾದ ಹೆಂಚಿನಂತಿರುತ್ತದೆ. ಕೆಲವು ನಿಮಿಷದ ಆ ಬಿಸಿಯೇ ಯಾತ್ರಿಕರಿಗೆ ಸಾಕೆನಿಸುತ್ತದೆ. ದಿಗಂಬರ ಮುನಿಗಳಾದರೋ ಮಳೆಗಾಲದ ಚಾತುರ್ಮಾಸ್ಯವನ್ನು ಬಿಟ್ಟು ಉಳಿದ ಕಾಲದಲ್ಲಿ ಊರಿಂದೂರಿಗೆ ಬರಿಗಾಲಲ್ಲೇ ವಿಹಾರ ಮಾಡುತ್ತಾರೆ. ಅದರ ಹಿಂದೆ ಎರಡು ತತ್ತ್ವಗಳಿವೆ. ಒಂದು ಅಹಿಂಸೆ: ನೆಲದ ಮೇಲಿನ ಸಣ್ಣ ಜೀವವೂ ತುಳಿತಕ್ಕೆ ಸಿಗದಂತೆ ನೋಡಿ ನಡೆಯಬೇಕು. ಇನ್ನೊಂದು ಅಪರಿಗ್ರಹ: ದೇಹಕ್ಕೆ ಅಂಟಿದ ಯಾವ ವಸ್ತುವೂ ತನ್ನದಲ್ಲ. ಗೃಹಸ್ಥರಲ್ಲೂ ಇದರ ಛಾಯೆ ಇದೆ. ಶಬರಿಮಲೆಗೆ ಮಾಲೆ ಧರಿಸಿದವರು 41 ದಿನ ಚಪ್ಪಲಿ ಬಿಡುತ್ತಾರೆ. ವ್ರತ ಮುಗಿದ ಮೇಲೂ ಅದೇ ಹಿತವೆನಿಸಿ ಮುಂದುವರಿಸುವವರುಂಟು.

ಬರಿಗಾಲಿನ ಈ ಬದುಕಿಗೆ ವೈದ್ಯಕೀಯವೂ ತಲೆಬಾಗಿದ ಒಂದು ನಿದರ್ಶನವಿದೆ. ಕಾಲು ಕಳೆದುಕೊಂಡವರಿಗೆ ಹಿಂದೆ ಜೋಡಿಸುತ್ತಿದ್ದ ಪಾಶ್ಚಾತ್ಯ ಮಾದರಿಯ ಕೃತಕ ಪಾದಕ್ಕೆ ಬೂಟು ಬೇಕೇ ಬೇಕಿತ್ತು. ಅದನ್ನು ತೊಟ್ಟು ಗದ್ದೆಗಿಳಿಯುವಂತಿಲ್ಲ, ಚಕ್ಕಳಮಕ್ಕಳ ಕೂರುವಂತಿಲ್ಲ, ಗುಡಿಯೊಳಗೆ ಹೋಗುವಂತಿಲ್ಲ. 1968ರಲ್ಲಿ ಜೈಪುರದ ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ಡಾ. ಪಿ.ಕೆ. ಸೇಠಿ ರೂಪಿಸಿದ 'ಜೈಪುರ ಪಾದ' ಬರಿಗಾಲಲ್ಲಿ ನಡೆಯುವ ಭಾರತೀಯರಿಗೆಂದೇ ಹುಟ್ಟಿಕೊಂಡದ್ದು.

ಇನ್ನು ಆರೋಗ್ಯದ ವಾದ. ಬರಿಗಾಲ ನಡಿಗೆಯನ್ನು ಮೆಚ್ಚುವವರು ಹೇಳುವ ಮಾತೆಂದರೆ, ಅಂಗಾಲಿಗೆ ನೆಲ ತಿಳಿಯಬೇಕು. ಇದು ಬರಿಯ ಭಾವನೆಯಲ್ಲ. ಒಂದು ಪಾದದಲ್ಲಿ 26 ಮೂಳೆಗಳಿವೆ. ನೆಲದ ಏರುತಗ್ಗನ್ನು ಅಂಗಾಲಿನ ನರಗಳು ಮೆದುಳಿಗೆ ತಿಳಿಸುತ್ತಿದ್ದಂತೆ ದೇಹ ತನ್ನ ಸಮತೋಲವನ್ನು ಸರಿಪಡಿಸಿಕೊಳ್ಳುತ್ತದೆ. ಸದಾ ಬರಿಗಾಲಲ್ಲಿ ನಡೆದರೆ ಅಂಗಾಲು ಜಡ್ಡುಗಟ್ಟಿ ಸ್ಪರ್ಶವೇ ಸತ್ತುಹೋಗುವುದಿಲ್ಲವೇ ಎಂದು ಕೇಳಬಹುದು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಡೇನಿಯಲ್ ಲೀಬರ್ಮನ್ ಮತ್ತು ಸಂಗಡಿಗರು ಕೀನ್ಯಾ ಹಾಗೂ ಅಮೆರಿಕದ ಜನರ ಪಾದಗಳನ್ನು ಪರೀಕ್ಷಿಸಿ 2019ರಲ್ಲಿ ಇದಕ್ಕೆ ಉತ್ತರ ಕೊಟ್ಟರು. ಬರಿಗಾಲಿನವರ ಚರ್ಮ ದಪ್ಪವೂ ಗಡುಸೂ ಆಗಿತ್ತು, ಆದರೆ ನಡೆಯುವಾಗಿನ ಸ್ಪರ್ಶಜ್ಞಾನ ಕುಂದಿರಲಿಲ್ಲ.

ಈ ವಿಷಯದಲ್ಲಿ ಜಗತ್ತಿನ ಮೂಳೆ ವೈದ್ಯರು ಇಂದಿಗೂ ನೆನೆಯುವ ಸಂಶೋಧನೆಯೊಂದು ನಡೆದದ್ದು ಮಣಿಪಾಲದಲ್ಲೇ. ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಉದಯ ಭಾಸ್ಕರ ರಾವ್ ಮತ್ತು ಬೆಂಜಮಿನ್ ಜೋಸೆಫ್ ಅವರು 4ರಿಂದ 13 ವರ್ಷದೊಳಗಿನ 2,300 ಮಕ್ಕಳ ಹೆಜ್ಜೆಗುರುತುಗಳನ್ನು ತೆಗೆದು ಅಳೆದರು. ಅಂಗಾಲಿನ ಒಳಬದಿಯಲ್ಲಿ ಇರಬೇಕಾದ ಕಮಾನು ಮೂಡದೆ ಇಡೀ ಪಾದ ನೆಲಕ್ಕೆ ತಾಗುವುದನ್ನು ಚಪ್ಪಟೆ ಪಾದ ಎನ್ನುತ್ತಾರೆ. ಪಾದರಕ್ಷೆ ಹಾಕುವ ಮಕ್ಕಳಲ್ಲಿ ಶೇ. 8.6ರಷ್ಟು ಮಂದಿಗೆ ಚಪ್ಪಟೆ ಪಾದವಿತ್ತು. ಬರಿಗಾಲಿನ ಮಕ್ಕಳಲ್ಲಿ ಅದು ಶೇ. 2.8 ಮಾತ್ರ. ಬೆರಳು ಮುಚ್ಚುವ ಬೂಟು ಹಾಕುವವರಲ್ಲಿ ಅತಿ ಹೆಚ್ಚು, ಚಪ್ಪಲಿ, ಸ್ಯಾಂಡಲ್‌ನವರಲ್ಲಿ ಅದಕ್ಕಿಂತ ಕಡಿಮೆ, ಬರಿಗಾಲಿನವರಲ್ಲಿ ಅತಿ ಕಡಿಮೆ. ಲಂಡನ್ನಿನ ಪ್ರತಿಷ್ಠಿತ ಮೂಳೆ ಶಸ್ತ್ರಚಿಕಿತ್ಸಾ ಪತ್ರಿಕೆಯಲ್ಲಿ 1992ರಲ್ಲಿ ಇದು ಪ್ರಕಟವಾಯಿತು.

ಮೂರು ವರ್ಷಗಳ ಬಳಿಕ, 1995ರಲ್ಲಿ, ಸಚ್ಚಿದಾನಂದಂ ಮತ್ತು ಜೋಸೆಫ್ ಅವರು 1,846 ವಯಸ್ಕರ ಪಾದಗಳನ್ನು ಇದೇ ಬಗೆಯಲ್ಲಿ ಪರಿಶೀಲಿಸಿದರು. 6 ವರ್ಷಕ್ಕೆ ಮೊದಲೇ ಬೂಟು ತೊಟ್ಟವರಲ್ಲಿ ಚಪ್ಪಟೆ ಪಾದ ಶೇ. 3.24 ಇದ್ದರೆ, 16ರ ತನಕ ಬರಿಗಾಲಲ್ಲೇ ಬೆಳೆದವರಲ್ಲಿ ಶೇ. 1.75 ಇತ್ತು. ಪಾದದ ಕಮಾನು ಬಾಲ್ಯದಲ್ಲಿ ಬಲಿಯುತ್ತದೆ, ಆ ವಯಸ್ಸಿನಲ್ಲಿ ಅದನ್ನು ಬಿಗಿದು ಮುಚ್ಚುವುದು ಒಳ್ಳೆಯದಲ್ಲ ಎಂಬುದು ಈ ಅಧ್ಯಯನಗಳ ಸೂಚನೆ.

ಇದನ್ನು ಅತಿಯಾಗಿ ಹಿಗ್ಗಿಸಲೂಬಾರದು. ಚಪ್ಪಟೆ ಪಾದವಿರುವ ಬಹುಪಾಲು ಮಕ್ಕಳಿಗೆ ನೋವೂ ಇರುವುದಿಲ್ಲ, ಓಡಾಟಕ್ಕೆ ತೊಡಕೂ ಇರುವುದಿಲ್ಲ. ಬೊಜ್ಜು ಮತ್ತು ಕೀಲುಗಳ ಸಡಿಲತೆಯೂ ಅದಕ್ಕೆ ಕಾರಣ. ಇಥಿಯೋಪಿಯಾದ ಅಬೆಬೆ ಬಿಕಿಲ 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಬರಿಗಾಲಲ್ಲಿ ಓಡಿ ಮ್ಯಾರಥಾನ್ ಗೆದ್ದ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಅದೇ ಬಿಕಿಲ 1964ರಲ್ಲಿ ಟೋಕಿಯೋದಲ್ಲಿ ಬೂಟು ತೊಟ್ಟು, ಇನ್ನೂ ಕಡಿಮೆ ಸಮಯದಲ್ಲಿ ಓಡಿ ಗೆದ್ದದ್ದನ್ನು ಹೇಳುವವರು ಕಡಿಮೆ.

ಅಪಾಯಗಳ ಮಾತು ಬಂದಾಗ ಬರಿಗಾಲಿನ ಅಭಿಮಾನಿಗಳು ಸ್ವಲ್ಪ ನಿಂತು ಕೇಳಬೇಕು. ಬಯಲಿನ ಮಲದಿಂದ ಮಣ್ಣು ಸೇರುವ ಕೊಕ್ಕೆಹುಳುವಿನ ಮರಿ ಅಂಗಾಲಿನ ಚರ್ಮವನ್ನು ಕೊರೆದು ದೇಹ ಹೊಗುತ್ತದೆ. ಅಲ್ಲಿಂದ ರಕ್ತದ ಮೂಲಕ ಶ್ವಾಸಕೋಶಕ್ಕೂ, ಕೊನೆಗೆ ಕರುಳಿಗೂ ತಲುಪಿ ರಕ್ತ ಹೀರುತ್ತದೆ. ಹಿಂದೆ ಹಳ್ಳಿಯ ಹೆಂಗಸರನ್ನೂ ಮಕ್ಕಳನ್ನೂ ಹಿಂಡಿದ ರಕ್ತಹೀನತೆಗೆ ಇದೂ ಒಂದು ಕಾರಣ. ಶೌಚಾಲಯಗಳು ಬಂದಂತೆ ಈ ಭಯ ತಗ್ಗಿದೆ. ಆದರೆ ಮಳೆಗಾಲದಲ್ಲಿ ಗದ್ದೆಗಿಳಿಯುವವರನ್ನು ಇಲಿಜ್ವರ ಇನ್ನೂ ಬಿಟ್ಟಿಲ್ಲ. ಇಲಿಯ ಮೂತ್ರ ಬೆರೆತ ನೀರಿನಲ್ಲಿರುವ ರೋಗಾಣು ಕಾಲಿನ ಸಣ್ಣ ಗಾಯದಿಂದಲೂ ಒಳನುಗ್ಗೀತು. ಹಾವು ಕಡಿತವೂ ಹೆಚ್ಚಾಗಿ ಕಾಲಿಗೇ.

ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಸಕ್ಕರೆ ಕಾಯಿಲೆ ಇರುವವರಿಗೆ. ವರ್ಷಗಳು ಕಳೆದಂತೆ ಆ ರೋಗ ಪಾದದ ನರಗಳನ್ನು ಮಂಕಾಗಿಸುತ್ತದೆ. ಮುಳ್ಳು ಚುಚ್ಚಿದ್ದು, ಬಿಸಿ ತಾಗಿದ್ದು ತಿಳಿಯುವುದೇ ಇಲ್ಲ. ತಿಳಿಯದ ಗಾಯ ಕೀವುಗಟ್ಟಿ ಬೆರಳನ್ನೋ ಪಾದವನ್ನೋ ಕತ್ತರಿಸುವಲ್ಲಿಗೆ ಮುಟ್ಟುತ್ತದೆ. ಬರಿಗಾಲ ನಡಿಗೆಯ ಸೊಗಸು ಇರುವುದೇ ಅಂಗಾಲಿನ ಸಂವೇದನೆಯಲ್ಲಿ. ಆ ಸಂವೇದನೆಯೇ ಹೋದವರಿಗೆ ಅದು ಬರೀ ಗಂಡಾಂತರ. ಅಂಥವರು ಮನೆಯೊಳಗೂ ಮೆತ್ತನೆಯ ಚಪ್ಪಲಿ ಹಾಕಬೇಕು, ದಿನಕ್ಕೊಮ್ಮೆ ಅಂಗಾಲನ್ನು ನೋಡಿಕೊಳ್ಳಬೇಕು ಎಂದು ವೈದ್ಯರು ಹೇಳುವುದು ಇದಕ್ಕಾಗಿಯೇ. ಬಿಸಿಲಲ್ಲಿ ದೇವಸ್ಥಾನದ ಅಂಗಳ ಸುತ್ತುವಾಗ ಇಂಥ ಭಕ್ತರು ದಪ್ಪ ಕಾಲುಚೀಲ ಧರಿಸಿದರೆ ಯಾವ ದೇವರೂ ಮುನಿಯಲಾರ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತನ್ನು ಬಿಟ್ಟರೆ ಈ ವಿಚಾರ ಅಪೂರ್ಣ. ನಮ್ಮ ಸಮಾಜದಲ್ಲಿ ಬರಿಗಾಲು ಎಲ್ಲರಿಗೂ ಒಲಿದು ಬಂದದ್ದಲ್ಲ. ಚಪ್ಪಲಿ ಹೊಲಿದು ಕೊಡುವವನೇ ಅದನ್ನು ಮೆಟ್ಟಿ ಮೇಲ್ಜಾತಿಯವರ ಕೇರಿಯಲ್ಲಿ ನಡೆಯುವಂತಿರಲಿಲ್ಲ. ಕಂಡರೆ ಕಳಚಿ ಕೈಯಲ್ಲಿ ಹಿಡಿಯಬೇಕಿತ್ತು. ಹರಳಯ್ಯ ಮತ್ತು ಕಲ್ಯಾಣಮ್ಮ ದಂಪತಿ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಪಾದರಕ್ಷೆ ಮಾಡಿಕೊಟ್ಟರೆಂಬ ಕಥೆ ಕನ್ನಡಿಗರ ಮನಸ್ಸಿನಲ್ಲಿ ಇಷ್ಟು ಆಳವಾಗಿ ಉಳಿದಿರುವುದಕ್ಕೆ ಕಾರಣ, ಚಪ್ಪಲಿಯ ಸುತ್ತ ಹೆಣೆದಿದ್ದ ಈ ಅವಮಾನವೇ. ಇದು ಮುಗಿದ ಕಥೆಯೂ ಅಲ್ಲ. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ತಂದಾಗ, ಸಾರ್ವಜನಿಕ ಸ್ಥಳದಲ್ಲಿ ಪಾದರಕ್ಷೆ ಧರಿಸದಂತೆ ಅವರನ್ನು ತಡೆಯುವುದನ್ನು ಅಪರಾಧವೆಂದು ಹೆಸರಿಸಿಯೇ ಬರೆಯಬೇಕಾಯಿತು. 21ನೆಯ ಶತಮಾನದಲ್ಲಿ ಸಂಸತ್ತು ಹೀಗೆ ಬರೆಯಬೇಕಾಗಿ ಬಂದದ್ದು ಯೋಚಿಸತಕ್ಕ ಸಂಗತಿ.

ಕರಾವಳಿಯೂ ಈ ಕಳಂಕದಿಂದ ಹೊರತಲ್ಲ. ಕಂಬಳ ಆರಂಭವಾಗುವ ಮುನ್ನ ಕೊರಗ ಸಮುದಾಯದವರನ್ನು ಕೋಣಗಳಂತೆ ಗದ್ದೆಯಲ್ಲಿ ಓಡಿಸುವ ಪದ್ಧತಿ ಇಲ್ಲಿ ಇತ್ತು. ಅಜಲು ಎಂಬ ಅನಿಷ್ಟ ಪದ್ಧತಿಯ ಭಾಗವಾಗಿದ್ದ ಇದನ್ನು ಕರ್ನಾಟಕ ಸರಕಾರ 2000ದ ಕಾಯ್ದೆಯಿಂದ ನಿಷೇಧಿಸಿತು. ಅದೇ ಗದ್ದೆ, ಅದೇ ಕೆಸರು, ಅದೇ ಬರಿಗಾಲು. ಒಬ್ಬನಿಗೆ ಅದು ಪದಕ ತರುವ ಸಾಹಸ, ಇನ್ನೊಬ್ಬನಿಗೆ ಮನುಷ್ಯನಲ್ಲವೆಂದು ಸಾರುವ ಶಿಕ್ಷೆ. ಆದ್ದರಿಂದ ಬರಿಗಾಲು ಸರಳತೆಯ ಗುರುತು ಎಂದು ಹೊಗಳುವ ಮೊದಲು, ಆ ಕಾಲಿಗೆ ಚಪ್ಪಲಿ ಹಾಕುವ ಸ್ವಾತಂತ್ರ್ಯ ಇತ್ತೇ ಎಂದು ಕೇಳಬೇಕು.

ಬರಿಗಾಲನ್ನು ನೋಡುವ ಕಣ್ಣು ಹೇಗೆ ಬದಲಾಗುತ್ತದೆ ಎಂಬುದಕ್ಕೆ ಎರಡು ಘಟನೆಗಳು ಸಾಕ್ಷಿ. ಕಲಾವಿದ ಎಂ.ಎಫ್. ಹುಸೇನ್ 1964ರಲ್ಲಿ ಹಿಂದಿ ಕವಿ ಮುಕ್ತಿಬೋಧರು ತೀರಿಕೊಂಡಾಗ ಚಪ್ಪಲಿ ತೊರೆದುದಾಗಿ ಹೇಳುತ್ತಿದ್ದರು. ಬರಿಗಾಲಲ್ಲಿ ಬಂದರೆಂಬ ಕಾರಣಕ್ಕೆ 1988ರಲ್ಲಿ ಮುಂಬಯಿಯ ವಿಲ್ಲಿಂಗ್ಡನ್ ಕ್ಲಬ್ಬು ಅವರನ್ನು ಹೊರಗೆ ಕಳಿಸಿತು. 2021ರ ನವೆಂಬರ್ 8ರಂದು ರಾಷ್ಟ್ರಪತಿ ಭವನದಲ್ಲಿ ಕಿತ್ತಳೆ ಮಾರಿ ಶಾಲೆ ಕಟ್ಟಿದ ಹರೇಕಳ ಹಾಜಬ್ಬರೂ, ಸಾವಿರಾರು ಗಿಡಗಳನ್ನು ಬೆಳೆಸಿದ ಅಂಕೋಲಾ ಸೀಮೆಯ ತುಳಸಿ ಗೌಡರೂ ಬರಿಗಾಲಲ್ಲೇ ನಡೆದು ಪದ್ಮಶ್ರೀ ಸ್ವೀಕರಿಸಿದರು. ಇಡೀ ಸಭೆ ಚಪ್ಪಾಳೆ ತಟ್ಟಿತು. ಅವರಿಬ್ಬರೂ ಯಾವ ಸಂದೇಶವನ್ನೂ ಸಾರಲು ಹೊರಟವರಲ್ಲ. ತಮ್ಮ ಊರಿನಲ್ಲಿ ಹೇಗೆ ನಡೆಯುತ್ತಿದ್ದರೋ ಹಾಗೆಯೇ ಅಲ್ಲಿಯೂ ನಡೆದರು, ಅಷ್ಟೇ.

ಚಪ್ಪಲಿ ಎಲ್ಲಿ ಕಚ್ಚುತ್ತದೆಂಬುದು ಮೆಟ್ಟಿದವನಿಗೇ ಗೊತ್ತು ಎಂಬ ಮಾತು ಬರಿಗಾಲಿಗೂ ಸಲ್ಲುತ್ತದೆ. ಪುಟ್ಟ ಮಕ್ಕಳನ್ನು ಸ್ವಚ್ಛವಾದ ಅಂಗಳದಲ್ಲಿ, ಮರಳಿನಲ್ಲಿ ಬರಿಗಾಲಲ್ಲಿ ಆಡಬಿಟ್ಟರೆ ಲಾಭವೇ ಹೆಚ್ಚು. ಮಳೆಗಾಲದಲ್ಲಿ ಕಾಲಿಗೆ ಗಾಯವಿರುವವರು ಕೆಸರು ನೀರಿಗಿಳಿಯದಿರುವುದು ಲೇಸು. ಸಕ್ಕರೆ ಕಾಯಿಲೆಯವರು ಬರಿಗಾಲಿನ ಆಸೆಯನ್ನೇ ಬಿಡಬೇಕು. ಉಳಿದವರು ಅವರವರ ಇಷ್ಟದಂತೆ ನಡೆಯಲಿ. ಆದರೆ ಬರಿಗಾಲಲ್ಲಿ ಬಂದವನನ್ನು ಬಾಗಿಲಲ್ಲಿ ತಡೆಯುವ ಹಕ್ಕೂ, ಚಪ್ಪಲಿ ಮೆಟ್ಟಿ ಬಂದವನನ್ನು ಬೀದಿಯಲ್ಲಿ ತಡೆಯುವ ಹಕ್ಕೂ ಯಾರಿಗೂ ಇರಬಾರದು.