ಸಾರ್ಟೆಕ್ಸ್ ಯಂತ್ರದ ಕಣ್ಣು ಕೆಟ್ಟಾಗ

ತುಂಗಭದ್ರಾ ಎಡದಂಡೆ ಕಾಲುವೆ ಹರಿದ ಮೇಲೆ ಸಿಂಧನೂರು ಭತ್ತದ ಸೀಮೆಯಾಯಿತು, ಬೆನ್ನಿಗೇ ಅಕ್ಕಿ ಗಿರಣಿಗಳೂ ಬಂದವು. ಮಸ್ಕಿ, ಲಿಂಗಸುಗೂರಿನ ಅಂಗಡಿಗಳಲ್ಲೂ ಜನ ಈಗ ‘ಸಾರ್ಟೆಕ್ಸ್ ಅಕ್ಕಿ’ಯನ್ನೇ ಕೇಳಿ ಒಯ್ಯುತ್ತಾರೆ. ಅಂದರೆ ಯಂತ್ರವೇ ಬಣ್ಣ ನೋಡಿ ಆರಿಸಿದ ಅಕ್ಕಿ.

ಕಾಳು ಇಳಿಜಾರಿನಲ್ಲಿ ಜಾರಿ ಬೀಳುವಾಗ ಅದರ ಮೇಲೆ ದೀಪದ ಬೆಳಕು ಬೀಳುತ್ತದೆ. ಕಪ್ಪು ಕಾಳಿನಿಂದ ಮರಳುವ ಬೆಳಕು ಕಡಿಮೆ. ಆ ವ್ಯತ್ಯಾಸ ಕಂಡ ಕೂಡಲೇ ಗಾಳಿಯ ಪೆಟ್ಟು ಬಿದ್ದು ಕಾಳು ಪಕ್ಕಕ್ಕೆ ಹಾರುತ್ತದೆ. ಹೊಸ ಯಂತ್ರಗಳಲ್ಲಿ ಕ್ಯಾಮೆರಾ ಇರುತ್ತದೆ. ಹಳೆಯವುಗಳಲ್ಲಿ ನೋಡುವ ಕೆಲಸ ಫೋಟೊಡಯೋಡಿನದು. ಅದು ಕೊಡುವ ಕರೆಂಟು ತೀರಾ ಅಲ್ಪ. ಒಂದು ಮೈಕ್ರೊ ಆಂಪಿಯರ್ ಬಂದರೆ, 10 ಲಕ್ಷ ಓಮ್‌ನ ರೆಸಿಸ್ಟರ್ ಇರುವ ಆಂಪ್ಲಿಫೈಯರ್ ಅದನ್ನು ಒಂದು ವೋಲ್ಟ್ ಮಾಡುತ್ತದೆ.

ಒಳ್ಳೆಯ ಕಾಳೂ ಹಾರಿಹೋಗುತ್ತಿದ್ದರೆ ಮೊದಲು ಗಾಜು ಒರೆಸಿ, ದೀಪ ನೋಡಿ. ಅಷ್ಟಕ್ಕೇ ಸರಿಹೋದರೆ ಬೋರ್ಡ್ ಬಿಚ್ಚುವ ಗೋಜಿಲ್ಲ. ಹೋಗದಿದ್ದರೆ ಡಯೋಡಿಗೆ ಬೆಳಕೇ ತಾಗದಂತೆ ಕಪ್ಪು ಟೇಪು ಸುತ್ತಿ, ಔಟ್‌ಪುಟ್ಟಿಗೆ ಮೀಟರ್ ಹಿಡಿಯಿರಿ. ನನ್ನ ಮಟ್ಟಿಗೆ ಇಡೀ ರಿಪೇರಿಯಲ್ಲಿ ಇದಕ್ಕಿಂತ ಹೆಚ್ಚು ಸುದ್ದಿ ಹೇಳುವ ಪರೀಕ್ಷೆ ಇನ್ನೊಂದಿಲ್ಲ. ಬೆಳಕಿಲ್ಲದಾಗ ಎಷ್ಟು ವೋಲ್ಟ್ ಇರಬೇಕೆಂದು ಸರ್ಕ್ಯೂಟಿನ ನಕ್ಷೆಯಲ್ಲಿರುತ್ತದೆ, ಸಾಮಾನ್ಯವಾಗಿ ಅದು ಸೊನ್ನೆಯ ಆಸುಪಾಸು. ಕತ್ತಲಲ್ಲೂ ವೋಲ್ಟ್ ಏರಿ ನಿಂತಿದ್ದರೆ ಎಲ್ಲೋ ಕರೆಂಟು ಸೋರುತ್ತಿದೆ. ಗಿರಣಿಯಲ್ಲಿ ತೌಡಿನ ಧೂಳಿಗೆ ಬರವಿಲ್ಲ. ಎಣ್ಣೆಯಂಶದ ಆ ಧೂಳು ಬೋರ್ಡಿಗೆ ಅಂಟಿ, ಮಳೆಗಾಲದ ತೇವ ಹೀರಿತೆಂದರೆ ಕರೆಂಟಿಗೆ ಕಳ್ಳದಾರಿ ಸಿಕ್ಕಂತೆ. ಪವರ್ ತೆಗೆದು, ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ತೊಳೆದು, ಚೆನ್ನಾಗಿ ಒಣಗಿಸಿ ಮತ್ತೆ ಅಳೆಯಿರಿ. ಬೇಸಿಗೆಯಲ್ಲಿ ಸೆಕೆಯದೂ ಪಾಲಿದೆ: ಶಾಖ ಸುಮಾರು 10 ಡಿಗ್ರಿ ಏರಿದಂತೆಲ್ಲ ಡಯೋಡಿನ ಕತ್ತಲ ಕರೆಂಟು ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಬೆಳಿಗ್ಗೆ ಸರಿಯಿದ್ದ ಯಂತ್ರ ಮಧ್ಯಾಹ್ನ ಹಟ ಹಿಡಿದರೆ ಈ ಗುಮಾನಿ ಇಟ್ಟುಕೊಳ್ಳಿ.

ಆಸಿಲೋಸ್ಕೋಪಿನಲ್ಲಿ ಸೆಕೆಂಡಿಗೆ 100 ಅಲೆ ಕಾಣುತ್ತಿವೆಯೇ? ನಮ್ಮ ಕರೆಂಟು 50 ಹರ್ಟ್ಸ್‌ನದು. ಅದರಲ್ಲಿ ಉರಿಯುವ ದೀಪಗಳು ಅದರ ಎರಡರಷ್ಟು ಸಲ ಮಿನುಗುತ್ತವೆ. ಟೇಪು ಸುತ್ತಿದೊಡನೆ ಅಲೆ ಮಾಯವಾದರೆ ಅದು ದೀಪದ ಕಾಟ, ಹಾಗೇ ಉಳಿದರೆ ಪವರ್ ಸಪ್ಲೈ ನೋಡಿ.

ಅಲೆ ಅದಕ್ಕಿಂತ ಬಹಳ ವೇಗವಾಗಿದ್ದರೆ ಆಂಪ್ಲಿಫೈಯರ್ ತಾನಾಗಿಯೇ ಕುಣಿಯುತ್ತಿದೆ. ಡಯೋಡ್ ತನ್ನೊಳಗೇ ಒಂದಿಷ್ಟು ಚಾರ್ಜ್ ಹಿಡಿದಿಡುವುದರಿಂದ ಹೀಗಾಗುತ್ತದೆ. ಆ ದೊಡ್ಡ ರೆಸಿಸ್ಟರಿಗೆ ಸಮಾನಾಂತರವಾಗಿ ಕೆಲವೇ ಪಿಕೊಫ್ಯಾರಡ್‌ನ ಕೆಪಾಸಿಟರ್ ಹಾಕಿದರೆ ಕುಣಿತ ನಿಲ್ಲುತ್ತದೆ. ಚಿಕ್ಕದರಿಂದಲೇ ಶುರುಮಾಡಿ. ದೊಡ್ಡದು ಹಾಕಿದರೆ ಪರದೆಯ ಮೇಲಿನ ಗೆರೆ ನೆಟ್ಟಗಾಗುತ್ತದೆ ನಿಜ, ಆದರೆ ಸಿಗ್ನಲ್ ತಡವಾಗಿ, ಗಾಳಿ ಬೀಸುವಷ್ಟರಲ್ಲಿ ಕಪ್ಪು ಕಾಳು ಒಳ್ಳೆಯ ಅಕ್ಕಿಯೊಳಗೆ ಬಿದ್ದಾಗಿರುತ್ತದೆ.