ಆಟದಲ್ಲೂ ಅನ್ನ ಇದೆ, ವಿಚಾರಿಸಿ ಹೋಗಿ

(ಬಡಾವಣೆಯೊಂದರ ಕಬಡ್ಡಿ ಪಂದ್ಯಾವಳಿಯ ಸಮಾರೋಪದಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಮಾಡಿದ ಭಾಷಣ)



ನಾನು ಭಾಷಣಕಾರನಲ್ಲ. ಪಿಯುಸಿ ಮುಗಿಸಿ ಪ್ರೆಸ್ಸಿಗೆ ಸೇರಿದವನು. ಈ ಪಂದ್ಯಾವಳಿಯ ಕರಪತ್ರ ಅಚ್ಚು ಹಾಕಿದ್ದು ನಾನೇ. ದುಡ್ಡು ಇನ್ನೂ ಬಂದಿಲ್ಲ, ಅದು ಬೇರೆ ಮಾತು.

ಮೊದಲು ನನ್ನದೇ ಒಂದು ತಪ್ಪು ಒಪ್ಪಿಕೊಳ್ಳುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಸಂಸ್ಥೆಯವರು ಐದು ಸಾವಿರ ಕರಪತ್ರ ಮಾಡಿಸಿಕೊಂಡು ಹೋದರು. "ಮೂರೇ ತಿಂಗಳಲ್ಲಿ ಫಿಟ್‌ನೆಸ್ ತರಬೇತುದಾರರಾಗಿ, ಕೆಲಸ ಗ್ಯಾರಂಟಿ" ಅಂತ. ನನ್ನ ಪ್ರೆಸ್ಸಿನಲ್ಲಿ ಬೈಂಡಿಂಗ್ ಮಾಡುವ ಅಕ್ಕನ ಮಗ ಅದನ್ನು ನೋಡಿ ನಲವತ್ತು ಸಾವಿರ ಕಟ್ಟಿದ. ತಾಯಿಯ ಚೀಟಿ ಹಣ ಅದು. ಕೊನೆಗೆ ಕೈಗೆ ಬಂದದ್ದು ಒಂದು ಬಣ್ಣದ ಸರ್ಟಿಫಿಕೇಟು. ಹೋದ ಹೋದ ಜಿಮ್ಮಿನವರೆಲ್ಲ ಕೇಳಿದ್ದು ಒಂದೇ ಮಾತು: ಇದಕ್ಕೆ ಮಾನ್ಯತೆ ಕೊಟ್ಟವರು ಯಾರು? ಹುಡುಗ ನನ್ನನ್ನು ಬೈಯಲಿಲ್ಲ. "ಅಣ್ಣಾ, ಇದನ್ನು ಅಚ್ಚು ಹಾಕಿದ್ದು ನೀವೇ ಅಲ್ವಾ" ಅಂದ, ಅಷ್ಟೆ. ಅವತ್ತಿನಿಂದ ಆಟದ ಕೆಲಸಗಳ ಬಗ್ಗೆ ಕಂಡಕಂಡವರನ್ನು ವಿಚಾರಿಸುತ್ತಾ ಬಂದಿದ್ದೇನೆ.

ಕೋಚ್ ಆಗುವ ಆಸೆಯಿದ್ದರೆ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಡಿಪ್ಲೊಮಾಕ್ಕೆ ಬೆಲೆ ಇದೆ. 1961ರಲ್ಲಿ ಶುರುವಾದ ಸಂಸ್ಥೆ. ಎನ್‌ಐಎಸ್ ಅಂದರೆ ಯಾವ ಮೈದಾನದಲ್ಲೂ ಗೊತ್ತು. ಅದಕ್ಕೆ ಡಿಗ್ರಿ ಬೇಕು, ಆಡಿದ ದಾಖಲೆಯೂ ಬೇಕು. ಆರು ವಾರದ ಸರ್ಟಿಫಿಕೇಟ್ ಕೋರ್ಸೂ ಉಂಟು. ಕ್ರೀಡಾ ಪ್ರಾಧಿಕಾರದ ಕೇಂದ್ರ ನಮ್ಮ ಜ್ಞಾನಭಾರತಿಯಲ್ಲೇ ಇದೆ. ನಿಮ್ಮಲ್ಲಿ ಎಷ್ಟು ಜನ ಒಳಗೆ ಹೋಗಿ ಕೇಳಿದ್ದೀರಿ? ಶಾಲೆಯ ದೈಹಿಕ ಶಿಕ್ಷಕರಾಗುವವರಿಗೆ ಡಿಗ್ರಿ ಆದ ಮೇಲೆ ಬಿ.ಪಿ.ಇಡಿ ದಾರಿ.

ಕಬಡ್ಡಿ ಆಡಿ ಏನು ಸಿಗುತ್ತೆ ಅಂತ ಮನೆಯಲ್ಲಿ ಕೇಳಿದರೆ ಬಿ.ಸಿ. ರಮೇಶ್ ಹೆಸರು ಹೇಳಿ. ನಮ್ಮ ಕನ್ನಡಿಗ, ಅರ್ಜುನ ಪ್ರಶಸ್ತಿ ಪಡೆದ ಆಟಗಾರ. ಪ್ರೊ ಕಬಡ್ಡಿ 2014ರಲ್ಲಿ ಶುರುವಾಯಿತು. ಅವರು ಕೋಚ್ ಆಗಿದ್ದಾಗ ಬೆಂಗಾಲ್ ವಾರಿಯರ್ಸ್ 2019ರಲ್ಲಿ, ಪುಣೇರಿ ಪಲ್ಟನ್ 2024ರಲ್ಲಿ ಕಪ್ ಗೆದ್ದವು. ಒಂದು ತಂಡ ಅಂದರೆ ಆಡುವ ಏಳು ಜನ ಮಾತ್ರ ಅಲ್ಲ. ಫಿಸಿಯೋ, ಮಸಾಜ್ ಮಾಡುವವರು, ವಿಡಿಯೋ ನೋಡಿ ಎದುರಾಳಿಯ ಲೆಕ್ಕ ಹಾಕುವವರು, ಎಲ್ಲರಿಗೂ ಸಂಬಳ ಉಂಟು.

ಕುಮಟಾದ ರಾಘವೇಂದ್ರ ಅವರ ಕಥೆ ಕೇಳಿ. ಕೈಗೆ ಪೆಟ್ಟಾಗಿ ಆಟ ನಿಂತಿತು. ಹುಬ್ಬಳ್ಳಿಯ ಬಸ್ ನಿಲ್ದಾಣದಲ್ಲಿ, ಆಮೇಲೆ ಸ್ಮಶಾನದ ಪಾಳು ಕಟ್ಟಡದಲ್ಲಿ ಮಲಗಿದವರು. ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ವರ್ಷಗಟ್ಟಲೆ ಸಂಬಳವಿಲ್ಲದೆ ದುಡಿದರು. 2011ರಲ್ಲಿ ಭಾರತ ತಂಡ ಸೇರಿದರು. ಸೌಟಿನಂಥ ಉದ್ದ ಹಿಡಿಯ ಸಾಧನದಿಂದ ಬ್ಯಾಟ್ಸ್‌ಮನ್‌ಗಳಿಗೆ ಜೋರಾಗಿ ಚೆಂಡು ಎಸೆಯುವುದು ಅವರ ಕೆಲಸ. 2024ರ ಟಿ20 ವಿಶ್ವಕಪ್ ಗೆದ್ದ ತಂಡದ ಜೊತೆಗೂ ಇದ್ದರು. ಹಾಗಂತ ಎಲ್ಲರೂ ಬಿಟ್ಟಿ ದುಡಿಯಿರಿ ಅಂತ ನಾನು ಹೇಳುವುದಿಲ್ಲ. ಬಡವರ ಮಕ್ಕಳಿಗೆ ಅದು ಹೊಟ್ಟೆಯ ಪ್ರಶ್ನೆ. ಅವರು ದಡ ಸೇರಿದರು, ಸೇರದವರ ಹೆಸರು ನಮಗೆ ಗೊತ್ತಿಲ್ಲ.

ಅಂಪೈರ್ ಆಗಲು ಪರೀಕ್ಷೆ ಇದೆ, ಮೊದಲು ರಾಜ್ಯ ಸಂಸ್ಥೆಯದು, ಆಮೇಲೆ ಬಿಸಿಸಿಐಯದು. 1999ರಲ್ಲಿ ದೆಹಲಿಯಲ್ಲಿ ಕುಂಬ್ಳೆ ಪಾಕಿಸ್ತಾನದ ಹತ್ತೂ ವಿಕೆಟ್ ತೆಗೆದಾಗ ಅವರ ತುದಿಯಲ್ಲಿ ನಿಂತು ಬೆರಳೆತ್ತಿದವರು ನಮ್ಮ ಎ.ವಿ. ಜಯಪ್ರಕಾಶ್. ಟಿ.ವಿ.ಯಲ್ಲಿ ಕನ್ನಡ ಕಾಮೆಂಟರಿ ಬಂದ ಮೇಲೆ ವಿಜಯ್ ಭಾರದ್ವಾಜ್ ಅವರಂಥವರ ಮಾತು ಮನೆಮನೆ ಮುಟ್ಟಿತು. ಮೈಕಿನ ಹಿಂದೆ ಬರೆಯುವವರು, ಅನುವಾದ ಮಾಡುವವರೂ ಬೇಕು. ಒಳ್ಳೆಯ ಕನ್ನಡ ಬಂದವನಿಗೆ ಮಾತ್ರ ಸಿಗುವ ಕೆಲಸ ಇದು, ಇದನ್ನೂ ಹೊರಗಿನವರು ಬಂದು ಮಾಡಲಿ ಅಂತ ಕೂರಬೇಡಿ.

ಕಾಡು, ಬೆಟ್ಟ, ನೀರು ಇಷ್ಟಪಡುವವರಿಗೆ ಜನರಲ್ ತಿಮ್ಮಯ್ಯ ಸಾಹಸ ಅಕಾಡೆಮಿ ಇದೆ, ಸರ್ಕಾರದ್ದು. ಜಂಗಲ್ ಲಾಡ್ಜಸ್ಸಿನಲ್ಲಿ ಪ್ರವಾಸಿಗರಿಗೆ ಕಾಡು ತೋರಿಸುವ ನ್ಯಾಚುರಲಿಸ್ಟ್‌ಗಳಿದ್ದಾರೆ. 2024ರ ಡಿಸೆಂಬರಿನಲ್ಲಿ ಮುರುಡೇಶ್ವರದಲ್ಲಿ ಪ್ರವಾಸಕ್ಕೆ ಹೋದ ನಾಲ್ಕು ಶಾಲಾ ಹುಡುಗಿಯರು ಸಮುದ್ರದ ಪಾಲಾದರು. ತರಬೇತಾದ ಜೀವರಕ್ಷಕರು ಎಷ್ಟು ಬೇಕು, ಯೋಚಿಸಿ.

ಆ ಬೈಂಡಿಂಗ್ ಅಕ್ಕನ ಮಗ ಈಗ ಒಂದು ಈಜುಕೊಳದಲ್ಲಿ ಜೀವರಕ್ಷಕ. ಈಜು ಅವನಿಗೆ ಮೊದಲೇ ಬರುತ್ತಿತ್ತು, ನಾವ್ಯಾರೂ ಕೇಳಿರಲಿಲ್ಲ. ನಾನು ಈಗ ಕೋರ್ಸಿನ ಕರಪತ್ರ ಮಾಡಿಸಲು ಯಾರು ಬಂದರೂ ಮಾನ್ಯತೆ ಪತ್ರ ತೋರಿಸಿ ಅನ್ನುತ್ತೇನೆ. ಕಳೆದ ತಿಂಗಳು ಇಬ್ಬರು ಕೊಟ್ಟ ಅಡ್ವಾನ್ಸು ವಾಪಸ್ ತಗೊಂಡು ಎದ್ದು ಹೋದರು.